ಕಾವಿಗೆ ಕುಳಿತ ಒಂಟಿ ಗಿಣಿ

ಸಸ್ಯಾಹಾರಿಗಳ ಮನೆಯಲ್ಲಿ ಸಾಕಿದ ಗಿಣಿಯೊಂದು ಇದ್ದಕ್ಕಿದ್ದಂತೆ ಮೊಟ್ಟೆಯಿಟ್ಟಿತೆಂದರೆ ಮನೆಮಂದಿಗೆ ಒಂದು ಬಗೆಯ ಮುಜುಗರವುಂಟಾಗುವುದು ಸಹಜ. ಜೊತೆಗೆ ಗಂಡಿಲ್ಲ, ಗೂಡಿಲ್ಲ. ಮೊಟ್ಟೆ ಬಂದುದಾದರೂ ಹೇಗೆಂದು ಮಕ್ಕಳು ಕೇಳುತ್ತಾರೆ. ಪಂಜರವು ದೇವರ ಕೋಣೆಯ ಸಮೀಪದಲ್ಲಿದ್ದರಂತೂ "ಮೊದಲು ಅದನ್ನು ತೆಗೆದು ಹೊರಗೆ ಹಾಕಿರಿ" ಎಂದು ಹಿರಿಯರು ಅಪ್ಪಣೆ ಮಾಡುತ್ತಾರೆ. ಸೊಸೆಯೋ ಮೊಮ್ಮಗನೋ ಅದನ್ನು ಹಿತ್ತಿಲಿಗೆ ಒಯ್ದು ಎಸೆಯುತ್ತಾರೆ. ಎರಡು ದಿನಗಳಲ್ಲಿ ಮತ್ತೊಂದು ಮೊಟ್ಟೆ; ಅದಕ್ಕೂ ಅದೇ ಗತಿ. ಹಕ್ಕಿಯ ಪ್ರಾಣಕ್ಕೆ ಸಂಚಕಾರ ತರುವುದು ಈ ಎಸೆಯುವಿಕೆಯೇ ಎಂಬುದು ಬಹುಜನರಿಗೆ ತಿಳಿದಿರುವುದಿಲ್ಲ.

ನಾನಿಲ್ಲಿ ಹೇಳುತ್ತಿರುವುದು ಆಸ್ಟ್ರೇಲಿಯಾ ಮೂಲದ, ತಲೆಯ ಮೇಲೆ ಜುಟ್ಟುಳ್ಳ ಕಾಕಟೀಲ್ ಎಂಬ ಪುಟ್ಟ ಗಿಣಿಯ ವಿಷಯ. ನಮ್ಮ ತೋಟ, ಗುಡಿಗೋಪುರಗಳಲ್ಲಿ ಕಾಣುವ ಹಸಿರು ಗಿಣಿಯನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ; ಆ ಮಾತು ಇಲ್ಲಿಗೆ ಸಾಕು.

ಗಂಡಿನ ಸಂಗವಿಲ್ಲದೆಯೂ ಹೆಣ್ಣು ಹಕ್ಕಿ ಮೊಟ್ಟೆಯಿಡಬಲ್ಲದು. ಅಂಥ ಮೊಟ್ಟೆಯಲ್ಲಿ ಜೀವಾಂಕುರವಿರುವುದಿಲ್ಲ, ಎಷ್ಟು ಕಾವು ಕೊಟ್ಟರೂ ಮರಿಯಾಗದು. ಆದುದರಿಂದ ಅದನ್ನು ತೆಗೆದರೆ ಪಾಪವೆಂಬ ಭಯವೂ ಬೇಡ. ಆದರೆ ಹಕ್ಕಿಗೆ ಈ ಲೆಕ್ಕ ಗೊತ್ತಿಲ್ಲ. ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುವುದು ಅದರ ಸ್ವಭಾವ. ಇಟ್ಟದ್ದು ಕಾಣೆಯಾದರೆ ಹಾವೋ ಬೆಕ್ಕೋ ಕದ್ದಿತೆಂಬಂತೆ ಸಂಖ್ಯೆಯನ್ನು ತುಂಬಿಸಲು ಮತ್ತೆ ಇಡುತ್ತ ಹೋಗುತ್ತದೆ.

ಇದರ ಭಾರವೆಷ್ಟೆಂಬುದನ್ನು ನಮ್ಮ ತಾಯಂದಿರು ಬೇಗ ಗ್ರಹಿಸಿಯಾರು. ಹಕ್ಕಿಯ ತೂಕ ಸುಮಾರು 90 ಗ್ರಾಂ, ಮೊಟ್ಟೆಯದು ಸುಮಾರು 5 ಗ್ರಾಂ. 55 ಕಿಲೊ ತೂಕದ ಹೆಂಗಸು 3 ಕಿಲೊ ತೂಕದ ಕೂಸನ್ನು ದಿನ ಬಿಟ್ಟು ದಿನ ಹೆತ್ತಂತೆ! ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ಅದು ತಿಂದ ಆಹಾರದಿಂದಲೂ, ಸಾಲದಿದ್ದರೆ ತನ್ನ ಎಲುಬಿನಿಂದಲೂ ತೆಗೆಯುತ್ತದೆ. ಆ ಸಂಗ್ರಹ ತೀರಿದಾಗ ಎಲುಬು ಸವೆಯುತ್ತದೆ, ಸ್ನಾಯುಗಳು ಬಲಗುಂದುತ್ತವೆ, ಕೊನೆಗೊಂದು ಮೊಟ್ಟೆ ಹೊರಬರಲಾರದೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಇಟ್ಟ ಮೊಟ್ಟೆಗಳನ್ನು ಅಲ್ಲಿಯೇ ಬಿಡುವುದು, ಬೇರೇನೂ ಇಲ್ಲ. ಅವು ಪಂಜರದಲ್ಲಿರುತ್ತವೆಯೇ ಹೊರತು ಅಡಿಗೆಮನೆಯಲ್ಲಲ್ಲ ಎಂದು ಹಿರಿಯರಿಗೆ ವಿನಯದಿಂದ ತಿಳಿಸಿ ಒಪ್ಪಿಸಬಹುದು. ಒಡೆದುದನ್ನು ಮಾತ್ರ ತೆಗೆದು, ಅದರ ಸ್ಥಾನದಲ್ಲಿ ಅದೇ ಗಾತ್ರದ ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಮೊಟ್ಟೆಯನ್ನಿಟ್ಟರೆ ಹಕ್ಕಿ ಅದರ ಮೇಲೂ ಕೂರುತ್ತದೆ. ಪಂಜರದ ತಳದ ಜಾಲರಿಯ ಮೇಲೆ ದಪ್ಪ ಕಾಗದ ಹಾಸಿ, ನೀರು, ಕಾಳುಗಳನ್ನು ಹತ್ತಿರದಲ್ಲಿಡಬೇಕು. ಮೂರು ವಾರಗಳ ಸುಮಾರಿಗೆ ಅದು ತಾನಾಗಿಯೇ ಬೇಸತ್ತು ಮೊಟ್ಟೆಗಳನ್ನು ಬಿಟ್ಟೇಳುತ್ತದೆ. ಆ ದಿನಗಳಲ್ಲಿ ಕೈ ಒಡ್ಡಿದರೆ ಕಚ್ಚೀತು. ಕಾವಿನ ಸಿಟ್ಟು ಅದು, ಗದರಿಸಬಾರದು. ಬೆಳಿಗ್ಗೆ ಒಮ್ಮೆಲೇ ದೊಡ್ಡ ಹಿಕ್ಕೆ ಹಾಕುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಕಾವಿಗೆ ಕೂತ ಹಕ್ಕಿ ಅದನ್ನು ತಡೆದುಕೊಂಡಿರುತ್ತದೆ.

ಆಹಾರದಲ್ಲಿ ಬರೀ ಸೂರ್ಯಕಾಂತಿ ಬೀಜ ತಿನ್ನಿಸುವ ಚಾಳಿಯನ್ನು ಬಿಡಬೇಕು. ಅದರಲ್ಲಿ ಕೊಬ್ಬು ಹೆಚ್ಚು, ಸುಣ್ಣದ ಅಂಶ ಅತ್ಯಲ್ಪ. ನವಣೆಯ ಜೊತೆಗೆ ನಮ್ಮ ರಾಗಿಯೇ ಇದೆಯಲ್ಲ! ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾಗಿ ಕ್ಯಾಲ್ಸಿಯಂ ಇದೆ. ನುಗ್ಗೆ ಸೊಪ್ಪೂ ಉತ್ತಮ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ಮೈಗೆ ಹತ್ತುವುದು ಕಡಿಮೆ. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನವೆಂದು ಸಿಗುವ ಬಿಳಿಯ ತುಂಡನ್ನು ಹಕ್ಕಿಗಳು ಕೆರೆದು ತಿನ್ನುತ್ತವೆ. ಅದು ಕಡಲಜೀವಿಯೊಂದರ ಚಿಪ್ಪಾದುದರಿಂದ ಬೇಡವೆನ್ನುವವರು ಪಕ್ಷಿಗಳಿಗೆಂದೇ ಮಾರುವ ಕ್ಯಾಲ್ಸಿಯಂ ಬಿಲ್ಲೆಯನ್ನು ಕಟ್ಟಬಹುದು. ಎಲೆಯಡಿಕೆಯ ಸುಣ್ಣವನ್ನು ಮಾತ್ರ ಎಂದಿಗೂ ಕೊಡಕೂಡದು, ಬಾಯಿ, ಕರುಳು ಸುಟ್ಟೀತು. ಕ್ಯಾಲ್ಸಿಯಂ ಮೈಗೂಡಲು ಎಳೆಬಿಸಿಲು ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಆ ಪ್ರಯೋಜನವಿಲ್ಲ. ಪಂಜರವನ್ನು ದೇವರ ಕೋಣೆಯಿಂದ ದೂರವಿಡಬೇಕೆನ್ನುವುದಕ್ಕೆ ನನ್ನ ಕಾರಣವೇ ಬೇರೆ: ಊದುಬತ್ತಿ, ಲೋಬಾನಗಳ ಹೊಗೆ ಹಕ್ಕಿಯ ಶ್ವಾಸಕೋಶಕ್ಕೆ ಹಾನಿಕರ.

ಮೊಟ್ಟೆಯಿಡುವ ಹಂಬಲ ಮರುಕಳಿಸದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ದೀರ್ಘವಾದ ಹಗಲು, ಹೊಟ್ಟೆ ತುಂಬ ಮೆತ್ತನೆಯ ತಿನಿಸು, ಅಡಗಲು ಕತ್ತಲೆಯ ಮೂಲೆ, ಪ್ರೀತಿಸಲು ಸಂಗಾತಿ ಇವು ಕೂಡಿದರೆ ಮರಿ ಮಾಡುವ ಕಾಲ ಬಂತೆಂದು ಹಕ್ಕಿ ಭಾವಿಸುತ್ತದೆ. ನಮ್ಮ ನಾಡಿನಲ್ಲಿ ಹಗಲು ಸುಮಾರು 11ರಿಂದ 13 ಗಂಟೆ. ಆದರೆ ನಡುಮನೆಯಲ್ಲಿ ಟೀವಿ ನೋಡುತ್ತ ರಾತ್ರಿ ಹನ್ನೊಂದರವರೆಗೆ ದೀಪ ಉರಿಸುವ ನಾವು ಅದಕ್ಕೆ 17 ಗಂಟೆಯ ಹಗಲನ್ನು ಸೃಷ್ಟಿಸಿಕೊಟ್ಟಿದ್ದೇವೆ! ಸಂಜೆ ಆರಕ್ಕೇ ಪಂಜರವನ್ನು ನಿಶ್ಶಬ್ದವಾದ ಕೋಣೆಗೆ ಒಯ್ದು, ಗಾಳಿಯಾಡುವ ಬಟ್ಟೆ ಹೊದಿಸಿ, ಬೆಳಿಗ್ಗೆ ಏಳರವರೆಗೆ ಕತ್ತಲಲ್ಲಿಡುವುದು ಯಾವ ಔಷಧಿಗೂ ಕಡಿಮೆಯಲ್ಲ. ಕನ್ನಡಿ ತೆಗೆಯಿರಿ, ಅದರೊಳಗಿನ ಬಿಂಬವೂ ಸಂಗಾತಿಯೇ. ಕಪಾಟಿನ ಅಡಿ, ಬಟ್ಟೆಯ ಗಂಟುಗಳ ಸಂದಿಯಲ್ಲಿ ನುಸುಳಲು ಬಿಡಬೇಡಿರಿ. ಮಕ್ಕಳಿಗೆ ತಿಳಿಹೇಳಬೇಕಾದುದೊಂದಿದೆ: ನೇವರಿಸುವುದಾದರೆ ತಲೆ, ಕುತ್ತಿಗೆ ಮಾತ್ರ. ಬೆನ್ನು ಸವರುವುದು ಹಕ್ಕಿಗಳ ಭಾಷೆಯಲ್ಲಿ ಗಂಡಿನ ಸ್ಪರ್ಶವೆಂದೇ ಅರ್ಥ.

ಇನ್ನು ಅಪಾಯದ ಚಿಹ್ನೆಗಳು. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಮುದುಡಿ ಕೂರುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ತಿಣುಕಿದರೂ ಮೊಟ್ಟೆ ಬಾರದಿರುವುದು, ಕಾಲಿನ ನಿತ್ರಾಣ. ಇವು ಕಂಡರೆ ನಾಳೆಯವರೆಗೆ ಕಾಯಬಾರದು. ಎಣ್ಣೆ ಹಚ್ಚುವುದು, ಹಿಸುಕುವುದು, ಮೊಟ್ಟೆಯನ್ನು ಒಳಗೇ ಒಡೆಯುವುದು ಇವೆಲ್ಲ ಕೊಲ್ಲುವ ಉಪಚಾರಗಳು. ಪೆಟ್ಟಿಗೆಯಲ್ಲಿಟ್ಟು, ಬೆಚ್ಚಗೆ ಮಾಡಿ, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಎಲ್ಲ ಪಶುವೈದ್ಯರಿಗೂ ಹಕ್ಕಿಗಳ ಅಭ್ಯಾಸವಿರುವುದಿಲ್ಲವಾದ್ದರಿಂದ ಬಲ್ಲವರಾರೆಂದು ಮೊದಲ ಮೊಟ್ಟೆ ಕಂಡ ದಿನವೇ ವಿಚಾರಿಸಿಟ್ಟುಕೊಳ್ಳಿರಿ. ಬೆಂಗಳೂರಿನ ಹೆಬ್ಬಾಳ, ಬೀದರ, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ವರ್ಷದಲ್ಲಿ ಮೇಲಿಂದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ಹಾರ್ಮೋನಿನ ಚಿಕಿತ್ಸೆಯೂ ಉಂಟು.

ಹಕ್ಕಿ ಮೊಟ್ಟೆಗಳತ್ತ ತಿರುಗಿ ನೋಡದೆ ಎರಡು ಮೂರು ದಿನ ಕಳೆದ ಮೇಲೆ ಅವನ್ನು ತೆಗೆದು ಹಿತ್ತಿಲಿನ ಗಿಡದ ಬುಡದಲ್ಲಿ ಹುಗಿಯಿರಿ. ಅಂದೇ ಪಂಜರವನ್ನು ತೊಳೆದು, ಕೋಲುಗಳ ಸ್ಥಾನ ಬದಲಿಸಿ, ಮನೆಯ ಬೇರೊಂದು ಕಡೆಯಲ್ಲಿ ತೂಗುಹಾಕಿರಿ.