ಪಂಜರದೊಳಗಿನ ಉಸಿರು

ಮಾಗಿಯ ಚಳಿ ಇಳಿದು ಬಿಸಿಲು ಏರತೊಡಗುವ ಹೊತ್ತು ಗಿಳಿಗಳ ಸಂತಾನಕಾಲ. ಹಳೆಯ ಬೇವು, ಹುಣಸೆ, ಆಲದ ಪೊಟರೆಗಳಲ್ಲಿ, ಬಂಡೆಗಳ ಸಂದುಗಳಲ್ಲಿ, ಪಾಳುಗೋಡೆಗಳ ಬಿರುಕುಗಳಲ್ಲಿ ಅವು ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ರೆಕ್ಕೆ ಬಲಿಯದ ಮರಿಗಳನ್ನು ಪೊಟರೆಯಿಂದ ಎತ್ತಿ ಬುಟ್ಟಿಯಲ್ಲಿಟ್ಟು ಮಾರುವವರ ಸುಗ್ಗಿಯೂ ಅದೇ. ಹಾಗೆ ಬಂದ ಹಕ್ಕಿ ನಮ್ಮ ಪಡಸಾಲೆಯ ಪಂಜರದಲ್ಲಿ ಕುಳಿತು ಮಕ್ಕಳ ಹೆಸರು ಕರೆಯುವುದನ್ನು ಕಲಿಯುತ್ತದೆ. ಮನೆಯವರು ಅದನ್ನು ಪ್ರೀತಿಯಿಂದಲೇ ಸಾಕುತ್ತಾರೆ, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಪ್ರೀತಿಯಿರುವ ಮನೆಯಲ್ಲಿಯೇ ಗಿಳಿಗಳು ಕಾರಣ ತಿಳಿಯದೆ ಸಾಯುತ್ತವೆ. ದೃಷ್ಟಿ ತಗುಲಿತು, ಗಾಳಿ ಸೋಕಿತು ಎಂದು ಹೇಳಿ ಮರೆತುಬಿಡುತ್ತೇವೆ. ಅನೇಕ ಸಲ ನಿಜವಾಗಿಯೂ ಸೋಕಿರುವುದು ಗಾಳಿಯೇ.

ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ನವಶಿಲಾಯುಗದ ಜನರು ದನಗಳನ್ನು ಸಾಕಿದ್ದರು. ಬಂಡೆಗಳ ಮೇಲೆ ಅವುಗಳ ಚಿತ್ರಗಳನ್ನೂ ಕುಟ್ಟಿ ಮೂಡಿಸಿದರು. ದನ ಮನುಷ್ಯನೊಂದಿಗೆ ಬಾಳುವುದನ್ನು ನೂರಾರು ತಲೆಮಾರುಗಳಲ್ಲಿ ಕಲಿತ ಪ್ರಾಣಿ. ಗಿಳಿ ಹಾಗಲ್ಲ. ನಮ್ಮ ಪಂಜರದಲ್ಲಿರುವ ಹಸಿರು ಗಿಳಿ ಇನ್ನೂ ಕಾಡಿನದೇ ಹಕ್ಕಿ. ಅದರ ತಾಯಿ ಪೊಟರೆಯಲ್ಲಿದ್ದಳು. ಹೊಗೆ, ಗಾಜು, ಬಣ್ಣ, ಬೀಸಣಿಗೆ ಇವು ಯಾವುವೂ ಅದರ ವಂಶಕ್ಕೆ ಪರಿಚಿತವಲ್ಲ.

ಹಕ್ಕಿಯ ಶ್ವಾಸಾಂಗದ ರಚನೆಯೇ ಬೇರೆ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಹಕ್ಕಿಗಾದರೋ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹರಿಯುತ್ತಲೇ ಇರುತ್ತದೆ. ಹಾರುವ ಶ್ರಮಕ್ಕೆ ಬೇಕಾದ ಆಮ್ಲಜನಕ ದೊರೆಯುವುದು ಹೀಗೆ. ಗಾಳಿಯಲ್ಲಿ ವಿಷವಿದ್ದರೆ ಅದೂ ಅಷ್ಟೇ ಸಮರ್ಥವಾಗಿ ರಕ್ತ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಸುಳಿವಿಗಾಗಿ ಕೆನರಿ ಹಕ್ಕಿಗಳನ್ನು ಒಯ್ಯುವಂತೆ 1890ರ ದಶಕದಲ್ಲಿ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಸೂಚಿಸಿದ್ದು ಈ ಕಾರಣದಿಂದಲೇ. 1986ರಲ್ಲಿ ಯಂತ್ರಗಳು ಅವುಗಳ ಸ್ಥಾನಕ್ಕೆ ಬರುವವರೆಗೂ ಹಕ್ಕಿ ಮೊದಲು ಕುಸಿಯುತ್ತಿತ್ತು, ಕಾರ್ಮಿಕರು ಮೇಲೆ ಓಡಿಬರುತ್ತಿದ್ದರು. ಗಣಿಯ ಧೂಳನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಡುಗೆಮನೆಗೆ ಬರೋಣ. ದೋಸೆ ಅಂಟದಿರಲೆಂದು ಕೊಂಡ ನಾನ್‌ಸ್ಟಿಕ್ ತವಾ ಇಂದು ಹಳ್ಳಿಗಳಲ್ಲಿಯೂ ಇದೆ. ಅದರ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ. ಉರಿ ಜೋರಾಗಿದ್ದು ತವಾ ಬರಿದಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಅಷ್ಟು ಕಾಯುತ್ತದೆ. ಆಗ ಹೊರಡುವ ಅನಿಲ ನಮ್ಮ ಮೂಗಿಗೆ ತಿಳಿಯದೆಯೂ ಇರಬಹುದು. ಪಕ್ಕದ ಕೋಣೆಯ ಗಿಳಿ ಮಾತ್ರ ಬಾಯಿ ತೆರೆದು ಏದುಸಿರು ಬಿಟ್ಟು ಕೆಳಗೆ ಬೀಳುತ್ತದೆ. ಇದಕ್ಕೆ ಮದ್ದು ಬಹುಮಟ್ಟಿಗೆ ಇಲ್ಲ. ಗಿಳಿಯಿರುವ ಮನೆಗೆ ಕಬ್ಬಿಣದ ಹಂಚೇ ಲೇಸು. ನಮ್ಮ ಅಜ್ಜಿಯಂದಿರ ರೊಟ್ಟಿ ಬೆಂದದ್ದೂ ಅದರ ಮೇಲೆಯೇ. ಸೌದೆ ಒಲೆಯ ಹೊಗೆ, ಒಗ್ಗರಣೆಯ ಘಾಟು, ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ಫಿನಾಯಿಲ್, ನುಸಿಗುಳಿಗೆ ಇವು ಅಷ್ಟು ವೇಗವಾಗಿ ಕೊಲ್ಲದಿದ್ದರೂ ದಿನದಿನವೂ ಉಸಿರನ್ನು ಕೆಡಿಸುತ್ತವೆ. ಪಂಜರವನ್ನು ಅಡುಗೆಮನೆಯಲ್ಲೂ ದೇವರ ಕೋಣೆಯಲ್ಲೂ ಇಡಬಾರದು. ಸಂಜೆ ಸೊಳ್ಳೆಬತ್ತಿ ಹಚ್ಚುವ ಬದಲು ಪಂಜರಕ್ಕೆ ತೆಳುವಾದ ಸೊಳ್ಳೆಪರದೆ ಹೊದಿಸಿದರೆ ಸಾಕು.

ಗಿಳಿಗೆ ಕೊಕ್ಕೇ ಕೈ. ಸಿಕ್ಕಿದ್ದನ್ನು ಕಡಿದು ನೋಡುವುದು ಅದರ ಸ್ವಭಾವ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಿಗೊಳಿಸುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಬಣ್ಣ ಬಳಿದ ಬಾಗಿಲು, ಕಿಟಕಿಗಳನ್ನು ಗಿಳಿ ಕಡಿದರೆ ಸೀಸ ಅದರ ಹೊಟ್ಟೆ ಸೇರಬಹುದು. ಸತುವಿನ ಲೇಪವಿರುವ ಅಗ್ಗದ ತಂತಿಯ ಪಂಜರವೂ ವಿಷವೇ. ಹೊಸ ಪಂಜರವನ್ನು ಉಜ್ಜಿ ತೊಳೆದು ಬಳಸುವುದು ಕನಿಷ್ಠ ಎಚ್ಚರಿಕೆ. ತುಕ್ಕು ಹಿಡಿಯದ ಉಕ್ಕಿನ ಪಂಜರವಾದರೆ ಉತ್ತಮ. ಕರೆಂಟಿನ ವೈರು ಕೊಕ್ಕಿಗೆ ಎಟುಕದಂತಿರಬೇಕು.

ಆಹಾರದ ವಿಷಯದಲ್ಲಿ ನಮ್ಮ ಅಕ್ಕರೆಯೇ ಅಪಾಯ ತರುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಚಾಕೊಲೇಟು, ಕಾಫಿ, ಉಪ್ಪು-ಖಾರದ ಕುರುಕಲು, ಬೆಣ್ಣೆಹಣ್ಣು ಇವು ಯಾವುವೂ ಗಿಳಿಗೆ ಸಲ್ಲವು. ಮೆಣಸಿನಕಾಯಿಯ ಮಾತು ಬೇರೆ. ಅದರ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ, ಆದ್ದರಿಂದ ಗಿಳಿ ಅದನ್ನು ಚಪ್ಪರಿಸುತ್ತದೆ. ಆದರೆ ಮೊನ್ನೆ ಎಣ್ಣೆ ಹೊಡೆದ ಹೊಲದಿಂದ ಕಿತ್ತ ಕಾಯಿಯನ್ನು ಪಂಜರದೊಳಗೆ ಇಡಬೇಡಿ. ಬರೀ ಸೂರ್ಯಕಾಂತಿ ಬೀಜ, ಶೇಂಗಾ ತಿಂದು ಬೆಳೆದ ಗಿಳಿಗೆ ಎ ಜೀವಸತ್ವದ ಕೊರತೆಯಾಗುತ್ತದೆ. ಸೊಪ್ಪು, ಗಜ್ಜರಿ, ಪೇರಲ, ಮೊಳಕೆಕಾಳು ಬೇಕು. ಬೂಸ್ಟು ಹಿಡಿದ ಶೇಂಗಾವನ್ನಂತೂ ಮುಟ್ಟಿಸಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಕಾರಣವನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಸ್ಟಿನ ವಿಷ, ಅಫ್ಲಟಾಕ್ಸಿನ್. ಶೇಂಗಾ ಬೆಳೆಯುವ ನಾವು ದನದ ಹಿಂಡಿಯ ವಿಷಯದಲ್ಲಿಯೂ ಇದನ್ನು ನೆನಪಿಡುವುದು ಒಳ್ಳೆಯದು.

ಪಂಜರದಿಂದ ಹೊರಬಿಟ್ಟಾಗ ತಿರುಗುವ ಫ್ಯಾನು, ಕುದಿಯುವ ಪಾತ್ರೆ, ಕನ್ನಡಿ, ಗಾಜಿನ ಕಿಟಕಿ, ಬೆಕ್ಕು ಇವೆಲ್ಲ ಅಪಾಯಗಳೇ. ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ತುಂಬಿಟ್ಟ ಡ್ರಮ್ಮು, ತೊಟ್ಟಿಗಳಿಗೆ ಮುಚ್ಚಳವಿರಲಿ. ಬಿದ್ದ ಗಿಳಿ ನುಣುಪು ಗೋಡೆ ಹತ್ತಲಾರದು. ಇನ್ನು ನಮ್ಮ ಬಿಸಿಲು. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಪಂಜರ ತೂಗುಹಾಕುವುದೆಂದರೆ ಹಕ್ಕಿಯನ್ನು ಬೇಯಿಸಿದಂತೆ. ಹಕ್ಕಿಗೆ ಬೆವರಿಲ್ಲ. ಬಾಯಿ ತೆರೆದು, ರೆಕ್ಕೆಗಳನ್ನು ಮೈಯಿಂದ ಅಗಲಿಸಿ ಏದುತ್ತಿದ್ದರೆ ಕೂಡಲೇ ನೆರಳಿಗೆ ತಂದು, ಕಾಲಿಗೆ ನೀರು ಸೋಕಿಸಿ, ತಂಪಾದ ನೀರನ್ನು ಮೈಮೇಲೆ ಹನಿಯಾಗಿ ಸಿಂಪಡಿಸಬೇಕು. ಬಳಿಕ ಪಶುವೈದ್ಯರ ಬಳಿ ಒಯ್ಯಬೇಕು.

ಪರಿಸರದ ಪತ್ರಿಕೆಯೊಂದು ಪಂಜರದ ಹಕ್ಕಿಯ ಆರೈಕೆ ಕಲಿಸುವುದೇ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. 2022ರ ತಿದ್ದುಪಡಿಯ ನಂತರ ಹಸಿರು ಗಿಳಿ ಎರಡನೆಯ ಅನುಸೂಚಿಯಲ್ಲಿದೆ. ಆಫ್ರಿಕಾದ ಬೂದು ಗಿಳಿ, ಮಕಾವ್‌ಗಳಂಥ ವಿದೇಶಿ ಹಕ್ಕಿಗಳನ್ನು ಇಟ್ಟುಕೊಂಡವರೂ 2024ರ ನಿಯಮಗಳಂತೆ ನೋಂದಾಯಿಸಬೇಕು. ಆದ್ದರಿಂದ ಮೇಲೆ ಹೇಳಿದ ಎಚ್ಚರಿಕೆಗಳು ಹೊಸದಾಗಿ ಗಿಳಿ ತರಲು ಪರವಾನಗಿಯಲ್ಲ. ಈಗಾಗಲೇ ಪಂಜರದಲ್ಲಿರುವ ಹಕ್ಕಿ ಸರಿಯಾದ ಕೈ ಸೇರುವವರೆಗೂ ಉಸಿರಾಡಬೇಕಲ್ಲವೇ, ಅದಕ್ಕಾಗಿ ಈ ಮಾತುಗಳು.

ಇದನ್ನು ಓದಿ ಯಾರಾದರೂ ಪಂಜರದ ಬಾಗಿಲು ತೆರೆದು ಗಿಳಿಯನ್ನು ಗುಡ್ಡದ ಕಡೆಗೆ ಹಾರಿಬಿಟ್ಟರೆ ಅದು ಇನ್ನೂ ದೊಡ್ಡ ಅನ್ಯಾಯ. ಕತ್ತರಿಸಿದ ರೆಕ್ಕೆಗರಿ ಕೂಡಲೇ ಬೆಳೆಯುವುದಿಲ್ಲ. ಹಳೆಯ ಗರಿ ಉದುರಿ ಹೊಸದು ಬರುವವರೆಗೆ ತಿಂಗಳುಗಳೇ ಕಾಯಬೇಕು. ಹಣ್ಣು ಹುಡುಕುವುದು, ಹದ್ದಿನ ನೆರಳು ಕಂಡು ಮರೆಯಾಗುವುದು, ಹಿಂಡಿನ ಕೂಗಿಗೆ ಓಗೊಡುವುದು ಇವನ್ನು ಅದಕ್ಕೆ ಯಾರೂ ಕಲಿಸಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ ಹಕ್ಕಿಯನ್ನು ಒಪ್ಪಿಸಿ. ಸಂತೆಯಲ್ಲಿ ಮರಿ ಮಾರುವವರನ್ನು ಕಂಡರೂ ಅದೇ ಸಂಖ್ಯೆಗೆ ತಿಳಿಸಬಹುದು. ಕನಿಕರದಿಂದಲೂ ಕೊಳ್ಳಬೇಡಿ, ಒಂದು ಮರಿ ಮಾರಾಟವಾದರೆ ಮರುವಾರ ಇನ್ನೊಂದು ಪೊಟರೆ ಬರಿದಾಗುತ್ತದೆ. ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಪೊಟರೆಯಿರುವ ಮರಗಳನ್ನು ಈ ಬೇಸಿಗೆಯಲ್ಲಿ ಗುರುತಿಸಿ, ಪಟ್ಟಿ ಮಾಡಿ ಗ್ರಾಮ ಪಂಚಾಯಿತಿಗೆ ಕೊಡಲಿ. ರಸ್ತೆ ಅಗಲಿಸುವಾಗ ಮೊದಲು ಕೊಡಲಿ ಬೀಳುವುದು ಅಂಥ ಮುದಿಮರಗಳಿಗೇ.