ಹವಾನಿಯಂತ್ರಕದ ಅನಿಲವು ದೀಪದ ಎಣ್ಣೆಯಲ್ಲ

ಬೇಸಗೆ ಬಂತೆಂದರೆ ಹವಾನಿಯಂತ್ರಕವಿರುವ ಮನೆಗಳಲ್ಲಿ ಕೇಳಿಬರುವ ಮಾತೊಂದುಂಟು: "ಗ್ಯಾಸ್ ಮುಗಿದಿದೆ, ತುಂಬಿಸಬೇಕು." ಭೌತಶಾಸ್ತ್ರವನ್ನು ಓದುತ್ತಿರುವ ನಮ್ಮ ವಾಚಕರು ಇದನ್ನು ಸುಮ್ಮನೆ ಒಪ್ಪಲಾಗದು. ಯಂತ್ರದೊಳಗಿನ ಅನಿಲವು ದೀಪದ ಎಣ್ಣೆಯಂತೆ ಉರಿದು ತೀರತಕ್ಕ ವಸ್ತುವಲ್ಲ. ಅದು ಕೋಣೆಯೊಳಗಿನ ಸುರುಳಿಯಲ್ಲಿ ದ್ರವದಿಂದ ಆವಿಯಾಗುತ್ತ ಶಾಖವನ್ನು ಹೀರುತ್ತದೆ. ಕಂಪ್ರೆಸರಿನ ಒತ್ತಡಕ್ಕೆ ಸಿಕ್ಕಿ, ಹೊರಗಿನ ಸುರುಳಿಯಲ್ಲಿ ಆ ಶಾಖವನ್ನು ಬಿಟ್ಟುಕೊಟ್ಟು ಮರಳಿ ದ್ರವವಾಗುತ್ತದೆ. ಮುಚ್ಚಿದ ಕೊಳವೆಯೊಳಗೆ ಈ ಚಕ್ರವು ವರ್ಷಗಟ್ಟಲೆ ತಿರುಗಬಲ್ಲುದು. ಅನಿಲವು ಕಡಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರುವೆಡೆಯನ್ನು ಹುಡುಕದೆ ಮತ್ತೆ ಮತ್ತೆ ತುಂಬುವುದು ತೂತುಬಿಂದಿಗೆಗೆ ನೀರು ಹೊಯ್ದಂತೆ. ಅದನ್ನು ದುರಸ್ತಿಯೆಂದು ಕರೆಯಲು ನಮಗೆ ಮನಸ್ಸು ಬಾರದು.

ಬಿಂದಿಗೆಯ ನೀರಾದರೋ ನೆಲಕ್ಕಿಳಿಯುತ್ತದೆ. ಅನೇಕ ಹಳೆಯ ಯಂತ್ರಗಳಲ್ಲಿರುವ ಆರ್-22 ಎಂಬ ಅನಿಲವು ಮೇಲೇರಿ, ತನ್ನಲ್ಲಿರುವ ಕ್ಲೋರಿನ್ನಿನಿಂದ ಓಜೋನ್ ಪದರವನ್ನು ಕೆಡಿಸುತ್ತದೆ. ಅದರ ಒಂದು ಕಿಲೋಗ್ರಾಂ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು 1,800 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದವನ್ನು 2007ರಲ್ಲಿ ಬಿಗಿಗೊಳಿಸಿದ ಮೇಲೆ, ಭಾರತದಂತಹ ದೇಶಗಳು ದುರಸ್ತಿಗೆ ಬೇಕಾಗುವ ಅಲ್ಪಾಂಶವನ್ನುಳಿದು 2030ರ ವೇಳೆಗೆ ಇದರ ಬಳಕೆಯನ್ನು ನಿಲ್ಲಿಸತಕ್ಕದ್ದೆಂದು ಗೊತ್ತಾಗಿದೆ.

ಹಾಗಾದರೆ ಹಳೆಯದನ್ನೆಲ್ಲ ಎಸೆಯಬೇಕೆ? ಅಂಗಡಿಯವರು ಹೌದೆನ್ನುವರು; ಅವರ ಕಸುಬೇ ಅದು. ನಾವು ಪೆನ್ಸಿಲ್ ಹಿಡಿಯೋಣ. ಒಂದೂವರೆ ಟನ್ನಿನ ಯಂತ್ರವು ಸೆಕೆಂಡಿಗೆ ಸುಮಾರು 5.3 ಕಿಲೋಜೌಲ್ ಶಾಖವನ್ನು ಹೊರಸಾಗಿಸುತ್ತದೆ. ಒಂದು ಪಾಲು ವಿದ್ಯುತ್ತಿಗೆ 2.7 ಪಾಲು ಶಾಖ ಸಾಗಿಸುವ ಹಳೆಯ ಯಂತ್ರವು ಗಂಟೆಗೆ ಸುಮಾರು 2 ಯೂನಿಟ್ ನುಂಗಿದರೆ, 5 ಪಾಲು ಸಾಗಿಸುವ ಹೊಸದಕ್ಕೆ 1ಕ್ಕಿಂತ ತುಸು ಹೆಚ್ಚು ಸಾಕು. ಉಳಿತಾಯವು ಗಂಟೆಗೆ 0.9 ಯೂನಿಟ್. ರಾಯಚೂರಿನಲ್ಲಿ ಯಂತ್ರವು ವರ್ಷಕ್ಕೆ 1,000 ಗಂಟೆ ನಡೆಯಿತೆನ್ನೋಣ. ಯೂನಿಟ್ಟಿಗೆ 7 ರೂಪಾಯಿಯಂತೆ 6,300 ರೂಪಾಯಿ ಉಳಿಯಿತು. ಮೈಸೂರಿನಲ್ಲಿ 100 ಗಂಟೆ ನಡೆದರೆ 630 ರೂಪಾಯಿ ಮಾತ್ರ. ಹೊಸ ಯಂತ್ರದ ಬೆಲೆ 40,000 ಎಂದು ಹಿಡಿದರೆ ಮೊದಲಿನವರಿಗೆ ಆರೇಳು ವರ್ಷಗಳಲ್ಲಿ ಹಣ ಮರಳಿತು. ಎರಡನೆಯವರಿಗೆ ಅರುವತ್ತು ವರ್ಷವೂ ಸಾಲದು!

ಆದುದರಿಂದ ಬೆಸುಗೆಯ ಒಂದು ಸಂದು ಸೋರಿದ್ದರೆ, ಊರು ಯಾವುದಾದರೂ ಆಗಲಿ, ಅದನ್ನು ಬೆಸೆಸಿ ಯಂತ್ರವನ್ನು ಉಳಿಸಿಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ. ಸುರುಳಿಯು ಹಲವೆಡೆ ಸವೆದಿದ್ದರೆ, ಅಥವಾ ಕಂಪ್ರೆಸರ್ ಸುಟ್ಟಿದ್ದರೆ, ಬಹುಕಾಲ ದುಡಿಯುವ ಯಂತ್ರವನ್ನು ಬದಲಿಸಬಹುದು. ಎರಡರಲ್ಲಿ ಯಾವುದಾದರೂ ಸರಿ, ಉಳಿದಿರುವ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಸೆಳೆದುಕೊಳ್ಳುವ ಉಪಕರಣವಿದೆಯೇ ಎಂದು ಕುಶಲಕರ್ಮಿಯನ್ನು ಮೊದಲೇ ಕೇಳತಕ್ಕದ್ದು. ಇಲ್ಲವೆಂದರೆ, ಇರುವವರನ್ನು ಕರೆಸತಕ್ಕದ್ದು.