ಜೇಬಿನಲ್ಲೊಬ್ಬ ಪುಟ್ಟ ಗುಮಾಸ್ತ

ಮಕ್ಕಳೇ, ಈ ವಾರ ಮೊದಲು ಒಂದು ಒಗಟು. ಮುಚ್ಚಿದರೆ ಕನ್ನಡಕದ ಪೆಟ್ಟಿಗೆ, ತೆರೆದರೆ ಟೈಪ್‌ರೈಟರು, ಹೊಟ್ಟೆಗೆ ಗೋಡೆ ಗಡಿಯಾರದ ಎರಡು ಸೆಲ್ಲು. ಏನು ಹೇಳಿ?

ಮೊಬೈಲು ಅಂದಿರಾ? ಅಲ್ಲ. ಲ್ಯಾಪ್‌ಟಾಪು? ಅದೂ ಅಲ್ಲ. ಬೇಕಾದರೆ ಪಕ್ಕದಲ್ಲಿ ಕೂತಿರುವ ಅಜ್ಜನನ್ನು ಕೇಳಿ. ಅವರು ಆಫೀಸಿನಲ್ಲಿ ಇದ್ದವರಾದರೆ ಥಟ್ಟನೆ ಹೇಳಿಯಾರು: "ಡಿಜಿಟಲ್ ಡೈರಿ!" ಇಂಗ್ಲಿಷಿನವರು ಅದನ್ನು ಆರ್ಗನೈಸರ್ ಎಂದು ಕರೆದರು. ವಿಳಾಸ, ಫೋನ್ ನಂಬರು, ಯಾವ ದಿನ ಎಲ್ಲಿಗೆ ಹೋಗಬೇಕು, ಯಾರಿಗೆ ಎಷ್ಟು ಕೊಡಬೇಕು, ಎಲ್ಲವನ್ನೂ ನೆನಪಿಟ್ಟುಕೊಂಡು ಕೇಳಿದಾಗ ಹೇಳುವ ಪುಟ್ಟ ಗುಮಾಸ್ತ ಅದು. ಸಂಬಳ ಕೇಳುತ್ತಿರಲಿಲ್ಲ, ಸೆಲ್ಲು ಮಾತ್ರ ಕೇಳುತ್ತಿತ್ತು.

ಈ ಗುಮಾಸ್ತನ ವಂಶದ ಕಥೆ ಚೆನ್ನಾಗಿದೆ. 1984ರಲ್ಲಿ ಲಂಡನ್ನಿನ ಸೈಯಾನ್ ಎಂಬ ಕಂಪನಿ ತನ್ನ ಮೊದಲ ಆರ್ಗನೈಸರನ್ನು ಮಾರುಕಟ್ಟೆಗೆ ತಂದಿತು. ಪರದೆಯಲ್ಲಿ ಒಂದೇ ಸಾಲು, ಸಾಲಿಗೆ ಹದಿನಾರೇ ಅಕ್ಷರ. ಗುಂಡಿಗಳು ಟೈಪ್‌ರೈಟರಿನ ಹಾಗೆ ಅಲ್ಲ, ಎ ಬಿ ಸಿ ಡಿ ಎಂದು ಒಂದನೇ ಕ್ಲಾಸಿನ ಪುಸ್ತಕದ ಹಾಗೆ ಜೋಡಿಸಿದ್ದವು. ಬರೆದದ್ದನ್ನು ಕಾಪಾಡಲು ಬೆಂಕಿಪೊಟ್ಟಣದಂಥ ಒಂದು ಡಬ್ಬಿ. ಅದರೊಳಗಿನ ಚಿಪ್ಪಿನ ಸ್ವಭಾವ ವಿಚಿತ್ರ. ನೀವು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದ ಸಾಲು ತಪ್ಪಾದರೆ ಏನು ಮಾಡುತ್ತೀರಿ? ಗೆರೆ ಎಳೆದು ಹೊಡೆದು ಹಾಕುತ್ತೀರಿ. ಆದರೆ ಆ ಜಾಗ ಮತ್ತೆ ಸಿಗುವುದಿಲ್ಲ, ಅಲ್ಲವೇ? ಇದೂ ಹಾಗೆಯೇ. ಅಳಿಸಿದರೆ "ಇದನ್ನು ಲೆಕ್ಕಕ್ಕೆ ತಗೋಬೇಡ" ಎಂಬ ಗುರುತು ಬೀಳುತ್ತಿತ್ತು, ಅಷ್ಟೆ. ಡಬ್ಬಿ ಪೂರ್ತಿ ಖಾಲಿಯಾಗಬೇಕಾದರೆ ಅದಕ್ಕೆ ನೇರಳಾತೀತ ಬೆಳಕಿನ ಸ್ನಾನ ಮಾಡಿಸಬೇಕಿತ್ತು!

ಮೊಮ್ಮಗ ಅಜ್ಜನಿಗಿಂತ ಚುರುಕಲ್ಲವೇ? 1991ರಲ್ಲಿ ಮೂರನೇ ಸರಣಿ ಬಂತು, 1997ರಲ್ಲಿ ಐದನೇ ಸರಣಿ. ನನ್ನ ತಮ್ಮ 1998ರಲ್ಲಿ ಲಂಡನ್ನಿನಿಂದ ತಂದುಕೊಟ್ಟದ್ದು ಈ ಐದನೆಯದು. ಉದ್ದ 17 ಸೆಂಟಿಮೀಟರು, ಅಗಲ 9. ಸೆಲ್ಲು ಸೇರಿ ತೂಕ ಸುಮಾರು 350 ಗ್ರಾಂ. ತೆರೆಯುವುದನ್ನು ನೋಡುವುದೇ ಒಂದು ಸೊಗಸು. ಮುಚ್ಚಳ ಎತ್ತಿದರೆ ಕೀಲಿಮಣೆ ತಾನಾಗಿಯೇ ಮುಂದಕ್ಕೆ ಜಾರುತ್ತದೆ, ಪರದೆ ಹಿಂದಕ್ಕೆ ಒರಗಿ ಕೂರುತ್ತದೆ.

ಯಾಕೆ ಹೀಗೆ? ಯೋಚಿಸಿ. ಇಂಥ ಹಗುರ ಯಂತ್ರದ ಪರದೆಯನ್ನು ಬೆರಳಿನಿಂದ ತಳ್ಳಿದರೆ ಅದು ಹಿಂದಕ್ಕೆ ಮಗುಚಿ ಬೀಳಬೇಕು. ಕೀಲಿಮಣೆ ಮುಂದಕ್ಕೆ ಜಾರಿದ್ದರಿಂದ ಪರದೆಯ ಬೆನ್ನಿಗೆ ಆಸರೆ ಸಿಕ್ಕಿತು, ಬೀಳುವುದು ತಪ್ಪಿತು. ಬೆರಳಿಗೆ ಬೇಕಾದ ಜಾಗವೂ ಸಿಕ್ಕಿತು. ಈ ತಿರುಗಣೆಯನ್ನು ರೂಪಿಸಿದವರು ಮಾರ್ಟಿನ್ ರಿಡಿಫೋರ್ಡ್ ಎಂಬ ವಿನ್ಯಾಸಕಾರರು.

ಆಗ ನನಗೆ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಎಂದು ಬಸ್ಸಿನಲ್ಲೇ ಅರ್ಧ ಜೀವನ. ಸೀಟು ಸಿಕ್ಕಿತೆಂದರೆ ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಗುಮಾಸ್ತ. ತೆರೆದ ಕ್ಷಣವೇ ಸಿದ್ಧ, ಕಂಪ್ಯೂಟರಿನ ಹಾಗೆ ಕಾಯಿಸುತ್ತಿರಲಿಲ್ಲ. ಊರು ತಲುಪುವಷ್ಟರಲ್ಲಿ ವರದಿ ಮುಗಿದಿರುತ್ತಿತ್ತು. ದಿನಕ್ಕೆ ಒಂದು ಗಂಟೆ ಬಳಸಿದರೆ ಎರಡು ಸೆಲ್ಲು ಕೆಲವು ವಾರ ಬಾಳುತ್ತಿದ್ದವು. ಮುಗಿದರೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೇ ಬೇರೆ ಸಿಗುತ್ತಿತ್ತು.

ಒಂದು ಎಚ್ಚರಿಕೆ ಮಾತ್ರ ಬೇಕಿತ್ತು. ಅದರ ನೆನಪು ಸ್ಲೇಟಿನ ಮೇಲಿನ ಬರಹದಂತೆ. ಕರೆಂಟು ಪೂರ್ತಿ ಹೋದರೆ ಎಲ್ಲವೂ ಒರೆಸಿಹೋಯಿತು. ಅದಕ್ಕೆಂದೇ ಒಳಗೆ ನಾಣ್ಯದಂಥ ಇನ್ನೊಂದು ಸೆಲ್ಲು ಇತ್ತು. ದೊಡ್ಡ ಸೆಲ್ಲು ಬದಲಿಸುವಾಗ ಅದು ಕಾವಲು ಕಾಯುತ್ತಿತ್ತು. ಆದರೂ ನಾನು ಪ್ರತಿ ದೀಪಾವಳಿಗೆ ಎಲ್ಲ ವಿಳಾಸಗಳನ್ನೂ ಒಂದು ನೋಟ್‌ಬುಕ್ಕಿಗೆ ಕೈಯಾರೆ ಇಳಿಸುತ್ತಿದ್ದೆ. "ಯಂತ್ರ ತಂದುಕೊಟ್ಟದ್ದು ಯಾಕೋ, ಮತ್ತೆ ಪುಸ್ತಕದಲ್ಲಿ ಬರೆಯೋದಕ್ಕಾ?" ಎಂದು ನಮ್ಮ ಮನೆಯವರು ತಮ್ಮನ ಮುಂದೆ ನಗುತ್ತಿದ್ದರು.

ಹಾಗೆ ಬರೆಯುವಾಗ ಪ್ರತಿ ವರ್ಷ ಒಂದು ಹೆಸರಿನ ಹತ್ತಿರ ನನ್ನ ಕೈ ನಿಲ್ಲುತ್ತದೆ. ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯನದು. ಅವನು ಹೋಗಿ ಬಹಳ ವರ್ಷವಾಯಿತು. ಐದೇ ಅಂಕಿಯ ಆ ನಂಬರು ಈಗ ಯಾರಿಗೂ ಸೇರಿದ್ದಲ್ಲ. ಯಂತ್ರದಲ್ಲಿ ಅಳಿಸುವುದು ಸುಲಭ, ಒಂದು ಗುಂಡಿ ಒತ್ತಿದರೆ ಆಯಿತು. ನಾನು ಒತ್ತಿಲ್ಲ. ಪುಸ್ತಕಕ್ಕೂ ಪ್ರತಿ ಸಲ ಇಳಿಸುತ್ತೇನೆ. ನಿಮ್ಮ ಅಜ್ಜಿಯ ಹಳೆಯ ಡೈರಿಯಲ್ಲೂ ಇಂಥ ಒಂದೆರಡು ಹೆಸರು ಇದ್ದೀತು. ಮೆಲ್ಲಗೆ ಕೇಳಿ ನೋಡಿ.

ಇಷ್ಟೆಲ್ಲ ಬಲ್ಲ ಗುಮಾಸ್ತನಿಗೆ ಕನ್ನಡ ಬರುತ್ತಿರಲಿಲ್ಲ! ಅಜ್ಜಿ ಎಂದು ಬರೆಯಲು ಎ ಜೆ ಜೆ ಐ ಎಂದು ಒತ್ತಬೇಕಿತ್ತು. ಕನ್ನಡದ ಅಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲ ಇಷ್ಟು ಚಿಕ್ಕ ಮಣೆಯಲ್ಲಿ ಹಿಡಿಸುವುದು ಹೇಗೆ ಎಂದು ಕೆಲವರು ಕೇಳುತ್ತಿದ್ದರು. ಹಿಡಿಸುತ್ತದೆ. ಕೆ. ಪಿ. ರಾವ್ ಅವರು ಅದಕ್ಕೊಂದು ಜಾಣ ದಾರಿ ಕಂಡುಹಿಡಿದಿದ್ದರು. ವ್ಯಂಜನ ಒತ್ತಿ, ಬೇಕಾದ ಸ್ವರ ಒತ್ತಿ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಗುಂಡಿ ಒತ್ತಿ. ಎ, ಜೆ, ಎಫ್, ಜೆ, ಐ: ಐದು ಸಲ ಒತ್ತಿದರೆ ಅಜ್ಜಿ ಪ್ರತ್ಯಕ್ಷ! ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ನುಡಿ ಇದ್ದರೆ ಇವತ್ತೇ ಮಾಡಿ ನೋಡಿ. ನಮ್ಮ ಬೆಂಗಳೂರಿನಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎಂಕೋರ್ ಕಂಪನಿಯ ಇಂಜಿನಿಯರುಗಳು ಕೂಡಿ ಅಂಗೈ ಗಣಕವೊಂದನ್ನು ರೂಪಿಸಿದರು. ಅದೇ ಸಿಂಪ್ಯೂಟರ್. 2004ರಲ್ಲಿ ಅದು ಅಂಗಡಿಗೆ ಬಂತು. ಅದಕ್ಕೆ ಭಾರತದ ಭಾಷೆಗಳು ಗೊತ್ತಿದ್ದವು. ಆದರೆ ಗುಂಡಿಗಳ ಮಣೆ ಇರಲಿಲ್ಲ, ಕಡ್ಡಿಯಿಂದ ಪರದೆ ಮುಟ್ಟಿ ಬರೆಯಬೇಕಿತ್ತು.

ಗುಮಾಸ್ತನ ವಂಶ ಮುಂದೆ ಏನಾಯಿತು? 1998ರಲ್ಲಿ ಸೈಯಾನ್ ಕಂಪನಿ ನೋಕಿಯಾ, ಎರಿಕ್‌ಸನ್ ಮುಂತಾದವರ ಜೊತೆ ಸೇರಿ ಸಿಂಬಿಯಾನ್ ಎಂಬ ಹೊಸ ಕಂಪನಿ ಕಟ್ಟಿತು. ಐದನೇ ಸರಣಿಯೊಳಗಿದ್ದ ತಂತ್ರಾಂಶವೇ ಬೆಳೆದು ಫೋನುಗಳೊಳಗೆ ಹೊಕ್ಕಿತು. ನಿಮ್ಮ ಮನೆಯ ಡ್ರಾಯರಿನಲ್ಲಿ ಹಳೆಯ ನೋಕಿಯಾ 6600 ಇದ್ದರೆ, ಅದು ನನ್ನ ಗುಮಾಸ್ತನಿಗೆ ವರಸೆಯಲ್ಲಿ ಮಗನೇ ಆಗಬೇಕು.

ಮಕ್ಕಳೇ, ಈ ವಾರದ ಕೆಲಸ. ಮೊಬೈಲು ಪಕ್ಕಕ್ಕಿಟ್ಟು, ನೋಡದೆ ಎಷ್ಟು ಜನರ ನಂಬರು ಹೇಳಬಲ್ಲಿರಿ ಎಣಿಸಿ. ಅಪ್ಪನದು? ಅಮ್ಮನದು? ಆಮೇಲೆ ಅಜ್ಜ, ಅಜ್ಜಿಯ ಪಕ್ಕ ಕೂತು ಹತ್ತು ಜನರ ಹೆಸರು, ಊರು, ನಂಬರು ಒಂದು ಪುಸ್ತಕದಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರು ನಮಗೆ ಏನಾಗಬೇಕು ಎಂದೂ ಬರೆಯಿರಿ. ಅಜ್ಜಿಯರೇ, ಮೊಮ್ಮಕ್ಕಳು ಕೇಳಿದಾಗ ನಂಬರು ಮಾತ್ರ ಕೊಟ್ಟು ಕಳಿಸಬೇಡಿ, ಆ ಮನೆಗೆ ನೀವು ಮೊದಲ ಸಲ ಹೋದ ಕಥೆಯನ್ನೂ ಹೇಳಿ.